ಗುರುಮಠದ ಪಾಠಕ್ರಮದಲ್ಲಿ ದಾಂಪತ್ಯ ಮತ್ತು ನೈಸರ್ಗಿಕ ಕುಟುಂಬ ಯೋಜನೆ: ಒಂದು ವಿಮರ್ಶೆ

ಗುರುದೀಕ್ಷೆ ಪಡೆದ ಕೆಲವೇ ತಿಂಗಳುಗಳಲ್ಲಿ ಯುವಗುರುಗಳಿಗೆ ಎರಡು ಹೊಣೆಗಳು ಒಟ್ಟಿಗೇ ಬರುತ್ತವೆ. ಪಾಪನಿವೇದನೆಯ ಪೀಠದಲ್ಲಿ ಕುಳಿತು ವಿವಾಹಿತರ ಮಾತಿಗೆ ಕಿವಿಗೊಡಬೇಕು. ವಿವಾಹಸಿದ್ಧತೆಯ ಶಿಬಿರದಲ್ಲಿ ನಿಂತು, ಮದುವೆಯಾಗಲಿರುವವರಿಗೆ ದಾಂಪತ್ಯದ ಅರ್ಥವನ್ನು ತಿಳಿಸಬೇಕು. ಎರಡೂ ಕಡೆ ಸಂತಾನ ನಿಯಂತ್ರಣದ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಎದುರಿಸಲು ಗುರುಮಠವು ಅವರಿಗೆ ಕೊಟ್ಟು ಕಳುಹಿಸಿರುವುದು ಬಹುಮಟ್ಟಿಗೆ ಒಂದು ತೀರ್ಪನ್ನು ಮಾತ್ರ ಎಂದು ನಮಗೆ ತೋರುತ್ತದೆ. ಕೃತಕ ವಿಧಾನಗಳು ಸಲ್ಲವು, ನೈಸರ್ಗಿಕ ವಿಧಾನ ಸಲ್ಲುತ್ತದೆ. ನೈತಿಕ ದೈವಶಾಸ್ತ್ರದ ಪಾಠ ಇಷ್ಟಕ್ಕೆ ಮುಗಿಯುತ್ತದೆ. ಸಲ್ಲುವ ಆ ವಿಧಾನ ಯಾವುದು, ಅದನ್ನು ಕಲಿಸುವವರು ಯಾರು, ಅದು ಒಂದು ಮನೆಯಿಂದ ಏನನ್ನು ಬೇಡುತ್ತದೆ ಎಂಬುದು ಪಾಠದ ಹೊರಗೇ ಉಳಿಯುತ್ತದೆ. ಈ ಲೇಖನದಲ್ಲಿ ನಾವು ಧರ್ಮಸಭೆಯ ಬೋಧನೆಯನ್ನು ಪ್ರಶ್ನಿಸುತ್ತಿಲ್ಲ. ಆ ಬೋಧನೆಯನ್ನು ಅರ್ಧಕ್ಕೆ ನಿಲ್ಲಿಸಿ ಕಲಿಸುವ ಕ್ರಮವನ್ನು ಪರಿಶೀಲಿಸುತ್ತಿದ್ದೇವೆ.

ವಿಶ್ವಪತ್ರದ ಓದದ ಭಾಗ

1968ರ ಜುಲೈ 25ರಂದು ಜಗದ್ಗುರು ಆರನೆಯ ಪೌಲರು ಸಹಿ ಮಾಡಿದ ‘ಹ್ಯೂಮಾನೆ ವೀಟೆ’ ವಿಶ್ವಪತ್ರದಲ್ಲಿ 31 ಪರಿಚ್ಛೇದಗಳಿವೆ. ತರಗತಿಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವುದು 11ರಿಂದ 16ರವರೆಗಿನ ಭಾಗ. ದಾಂಪತ್ಯ ಸಮಾಗಮದಲ್ಲಿ ಐಕ್ಯದ ಅರ್ಥವನ್ನೂ ಸಂತಾನದ ಅರ್ಥವನ್ನೂ ಬೇರ್ಪಡಿಸಲಾಗದೆಂಬ ತತ್ತ್ವ, ಅದರಿಂದ ಹೊರಡುವ ನಿಷೇಧ, ನ್ಯಾಯವಾದ ಕಾರಣಗಳಿದ್ದಲ್ಲಿ ಫಲವತ್ತಲ್ಲದ ದಿನಗಳನ್ನು ಆಶ್ರಯಿಸಬಹುದೆಂಬ ಅನುಮತಿ ಅಲ್ಲಿವೆ. ಆದರೆ ಪತ್ರದ ಕೊನೆಯ ಮೂರನೇ ಒಂದು ಭಾಗ ಪಾಲನಾ ಸೇವೆಗೆ ಮೀಸಲಾಗಿದೆ. ಅಲ್ಲಿ ಜಗದ್ಗುರುಗಳು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿಸುತ್ತಾರೆ. 24ನೆಯ ಪರಿಚ್ಛೇದ ವಿಜ್ಞಾನಿಗಳಿಗೆ, 25 ದಂಪತಿಗಳಿಗೆ, 26 ಇತರ ದಂಪತಿಗಳಿಗೆ ನೆರವಾಗುವ ದಂಪತಿಗಳ ಕುರಿತು, 27 ವೈದ್ಯರಿಗೂ ದಾದಿಯರಿಗೂ. ಗುರುಗಳ ಸರದಿ ಬರುವುದು 28ರಲ್ಲಿ.

ಈ ಅನುಕ್ರಮವನ್ನು ನಾವು ಗಮನಿಸಬೇಕು. ಸಹಜ ಋತುಗತಿಯ ಬಗ್ಗೆ ಭದ್ರವಾದ ಜ್ಞಾನವನ್ನು ಒದಗಿಸುವ ಕೆಲಸ ವಿಜ್ಞಾನಿಗಳದು. ದಂಪತಿಗಳಿಗೆ ಮಾರ್ಗದರ್ಶಕರಾಗುವ ಪ್ರೇಷಿತ ಕಾರ್ಯ ದಂಪತಿಗಳದು. ಗುರುಗಳಿಗೆ ಬೋಧನೆಯನ್ನು ಸಂದಿಗ್ಧವಿಲ್ಲದೆ ವಿವರಿಸುವ ಕರ್ತವ್ಯವನ್ನು ಹೇಳಿದ ಬೆನ್ನಲ್ಲೇ, 29ರಲ್ಲಿ, ಪ್ರಭುವಿನಂತೆ ತಾಳ್ಮೆಯಿಂದಲೂ ಕರುಣೆಯಿಂದಲೂ ನಡೆದುಕೊಳ್ಳಬೇಕೆಂದು ಹೇಳಲಾಗಿದೆ. ನಮ್ಮ ಪಾಠಕ್ರಮವು 28ನ್ನು ಕಲಿಸಿ, ಅದರ ಹಿಂದಿನ ನಾಲ್ಕನ್ನೂ ಮುಂದಿನ ಒಂದನ್ನೂ ಬಿಟ್ಟಿದೆ. ಆದ್ದರಿಂದಲೇ ಯುವಗುರುವು ಎಲ್ಲವನ್ನೂ ತಾನೊಬ್ಬನೇ ಹೇಳಬೇಕೆಂದು ಭಾವಿಸುತ್ತಾನೆ, ಇಲ್ಲವೇ ಹೇಳಲು ಅಂಜಿ ಪೂರ್ತಿ ಮೌನ ತಾಳುತ್ತಾನೆ.

ಈ ಕೊರತೆ ಹಿರಿಯರ ಕಣ್ಣಿಗೆ ಬೀಳದೆ ಹೋಗಿಲ್ಲ. ಗುರುವಿದ್ಯಾರ್ಥಿಗಳಿಗೆ ವಿವಾಹ ಮತ್ತು ಕುಟುಂಬದ ವಿಷಯದಲ್ಲಿ ನೀಡಬೇಕಾದ ತರಬೇತಿಯ ಬಗ್ಗೆ ಕಥೋಲಿಕ ಶಿಕ್ಷಣಕ್ಕಾಗಿನ ರೋಮಿನ ಪೀಠವು 1995ರಲ್ಲಿಯೇ ಪ್ರತ್ಯೇಕ ನಿರ್ದೇಶನಗಳನ್ನು ಹೊರಡಿಸಿತು. 2016ರ ‘ಅಮೋರಿಸ್ ಲೆತೀತ್ಸಿಯಾ’ದಲ್ಲಿ ಜಗದ್ಗುರು ಫ್ರಾನ್ಸಿಸ್ಸರು ಇನ್ನೂ ನೇರವಾಗಿ ಮಾತನಾಡಿದರು: ಇಂದಿನ ಕುಟುಂಬಗಳ ಜಟಿಲ ಸಮಸ್ಯೆಗಳಿಗೆ ತಕ್ಕ ತರಬೇತಿ ದೀಕ್ಷಿತ ಸೇವಕರಿಗೆ ಅನೇಕ ವೇಳೆ ಇಲ್ಲ, ಗುರುಮಠದ ಶಿಕ್ಷಣದಲ್ಲಿ ಕುಟುಂಬಗಳೂ, ಅದರಲ್ಲಿಯೂ ಸ್ತ್ರೀಯರೂ ಪಾಲ್ಗೊಳ್ಳಬೇಕು. ಈ ಮಾತನ್ನು ನಾವು ಆಗಾಗ ಉದ್ಧರಿಸುತ್ತೇವೆ. ನಮ್ಮ ವೇಳಾಪಟ್ಟಿಯಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಎಷ್ಟೆಂಬುದು ಬೇರೆ ಪ್ರಶ್ನೆ.

‘ನೈಸರ್ಗಿಕ’ ಎಂಬ ಪದದ ತೊಡಕು

ಕನ್ನಡದಲ್ಲಿ ಪಾಠ ಹೇಳುವವರಿಗೆ ಇನ್ನೊಂದು ತೊಡಕಿದೆ. ‘ನೈಸರ್ಗಿಕ’ ಎಂದೊಡನೆ ಕೇಳುಗರ ಮನಸ್ಸಿಗೆ ಬರುವುದು ನೈಸರ್ಗಿಕ ಕೃಷಿ, ರಾಸಾಯನಿಕವಿಲ್ಲದ ಸೊಪ್ಪು ತರಕಾರಿ. ಮಾತ್ರೆಯಲ್ಲಿ ರಾಸಾಯನಿಕವಿದೆ, ಆದ್ದರಿಂದ ಅದು ಕೆಟ್ಟದ್ದು ಎಂಬ ವಾದ ಶಿಬಿರಗಳಲ್ಲಿ ಸಲೀಸಾಗಿ ನುಸುಳುತ್ತದೆ. ಅದು ವಿಶ್ವಪತ್ರದ ವಾದವೇ ಅಲ್ಲ. ರೋಗದ ಚಿಕಿತ್ಸೆಗೆ ಅಗತ್ಯವಾದ ಔಷಧೋಪಚಾರವನ್ನು, ಅದರಿಂದ ಸಂತಾನಕ್ಕೆ ಅಡ್ಡಿಯಾಗುವ ಪಕ್ಷದಲ್ಲಿಯೂ, ಆ ಅಡ್ಡಿಯೇ ಉದ್ದೇಶವಾಗಿಲ್ಲದಿದ್ದರೆ, 15ನೆಯ ಪರಿಚ್ಛೇದ ಸ್ಪಷ್ಟವಾಗಿ ಒಪ್ಪುತ್ತದೆ. ಉಷ್ಣಮಾಪಕವೂ ಮನುಷ್ಯನಿರ್ಮಿತ ಉಪಕರಣವೇ. ಇಲ್ಲಿ ‘ನಿಸರ್ಗ’ವೆಂದರೆ ದಾಂಪತ್ಯ ಸಮಾಗಮಕ್ಕೆ ಸೃಷ್ಟಿಕರ್ತನು ಇಟ್ಟ ಅರ್ಥ. ಈ ಭೇದವನ್ನು ತರಗತಿಯಲ್ಲಿಯೇ ತಿಳಿಸದಿದ್ದರೆ ಗುರುವು ಆರೋಗ್ಯದ ವಾದವನ್ನು ಹೂಡಿ, ಶಿಬಿರದಲ್ಲಿ ಕುಳಿತ ಒಬ್ಬ ದಾದಿಯ ಪ್ರಶ್ನೆಗೆ ಉತ್ತರವಿಲ್ಲದೆ ನಿಲ್ಲಬೇಕಾಗುತ್ತದೆ.

ರಾಮನಗರ ಮತ್ತು ಬೆಂಗಳೂರು ಹೇಳುವ ಮಾತು

ಈ ವಿಧಾನದ ಚರಿತ್ರೆಯಲ್ಲಿ ನಮ್ಮ ನಾಡಿನ ಎರಡು ಊರುಗಳಿಗೆ ಸ್ಥಾನವಿದೆ ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ದಿನಗಣನೆಯ ವಿಧಾನವನ್ನು ಜನರ ನಡುವೆ ಪರೀಕ್ಷಿಸುವ ಯೋಜನೆ 1952ರಲ್ಲಿ ಆರಂಭವಾಯಿತು. ಅದಕ್ಕೆ ಆಯ್ದ ಸ್ಥಳಗಳು ದೆಹಲಿಯ ಲೋದಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರ. ದಿನಗಳ ಲೆಕ್ಕ ತಪ್ಪದಿರಲೆಂದು ಬಣ್ಣದ ಮಣಿಗಳ ಸರಗಳನ್ನು ರೂಪಿಸಿದ್ದೂ ಆ ಕಾಲದಲ್ಲಿಯೇ. ಫಲ ನಿರಾಶೆ ತರುವಂತಿತ್ತು; ವಿಧಾನವನ್ನು ಬಿಡದೆ ಪಾಲಿಸಿದವರು ಕೆಲವರೇ.

ಸುಮಾರು ಕಾಲು ಶತಮಾನದ ತರುವಾಯ ಅದೇ ಸಂಸ್ಥೆ ಬಿಲ್ಲಿಂಗ್ಸ್ ವಿಧಾನವನ್ನು, ಎಂದರೆ ಗರ್ಭಕಂಠದ ಸ್ರಾವವನ್ನು ಗಮನಿಸಿ ಫಲವತ್ತಾದ ದಿನಗಳನ್ನು ಗುರುತಿಸುವ ಕ್ರಮವನ್ನು, ಐದು ದೇಶಗಳ ಐದು ಕೇಂದ್ರಗಳಲ್ಲಿ ಪರೀಕ್ಷಿಸಿತು. ಆ ಐದರಲ್ಲಿ ಬೆಂಗಳೂರು ಒಂದು. 869 ಮಹಿಳೆಯರು ಪಾಲ್ಗೊಂಡರು. ಕಲಿಕೆಯ ಮೊದಲ ಋತುಚಕ್ರದಲ್ಲಿಯೇ ಶೇಕಡ 93 ಮಂದಿ ತಮ್ಮ ದೇಹದ ಲಕ್ಷಣವನ್ನು ಅರ್ಥವಾಗುವಂತೆ ದಾಖಲಿಸಿದರು. ಬಡವರಿಗೂ ಓದುಬರಹ ಬಾರದವರಿಗೂ ಇದು ಎಟುಕದು ಎಂಬ ಮಾತಿಗೆ ಇದು ಉತ್ತರ. ಆದರೆ 1981ರಲ್ಲಿ ಪ್ರಕಟವಾದ ಅದರ ಇನ್ನೊಂದು ಫಲಿತಾಂಶವನ್ನೂ ವಿದ್ಯಾರ್ಥಿಗಳ ಮುಂದಿಡಬೇಕು. ನೂರು ಮಹಿಳೆಯರು ಒಂದು ವರ್ಷ ಈ ವಿಧಾನವನ್ನು ಬಳಸಿದರೆ ಎಂಬ ಲೆಕ್ಕದಲ್ಲಿ, ವಿಧಾನವೇ ವಿಫಲವಾಗಿ ಉಂಟಾದ ಗರ್ಭಧಾರಣೆಗಳು 2.8, ನಿಯಮವನ್ನು ತಪ್ಪಾಗಿ ಅನ್ವಯಿಸಿದ್ದರಿಂದ ಆದವು 3.5, ನಿಯಮ ತಿಳಿದಿದ್ದೂ ಅದನ್ನು ಬಿಟ್ಟದ್ದರಿಂದ ಆದವು 15.4.

ಪರವಾಗಿ ಮಾತನಾಡುವವರು 2.8ನ್ನು ಮಾತ್ರ ಹೇಳುತ್ತಾರೆ. ವಿರೋಧಿಗಳು ಎಲ್ಲವನ್ನೂ ಕೂಡಿಸಿ ಇಪ್ಪತ್ತಕ್ಕೂ ಮಿಕ್ಕ ಮೊತ್ತವನ್ನು ಮಾತ್ರ ಹೇಳುತ್ತಾರೆ. ಗುರುವಾಗುವವನು ಎರಡನ್ನೂ ಬಲ್ಲವನಾಗಿ, ನಡುವಿನ 15.4ರ ಮುಂದೆ ನಿಲ್ಲಬೇಕು. ಏಕೆಂದರೆ ಅವನ ಸೇವೆಯ ಕ್ಷೇತ್ರವಿರುವುದು ಅಲ್ಲಿ. ಆ ಮನೆಗಳಲ್ಲಿ ತಿಳಿವಳಿಕೆಯ ಕೊರತೆ ಇರಲಿಲ್ಲ. ಇಂದು ಬೇಡವೆಂದು ಹೆಂಡತಿಗೆ ತಿಳಿದಿತ್ತು. ಆದರೂ ನಿಯಮ ಮುರಿಯಿತು. ಅದನ್ನು ಮುರಿದವರು ಇಬ್ಬರೂ ಸೇರಿಯೋ, ಒಬ್ಬರೇ ಬಲವಂತವಾಗಿಯೋ? ಅಂಕಿಯು ಇದನ್ನು ಹೇಳುವುದಿಲ್ಲ. ಪಾಪನಿವೇದನೆಗೆ ಬಂದ ಸ್ತ್ರೀ ಹೇಳಬಹುದು, ಕೇಳುವ ಕಿವಿ ಇದ್ದರೆ.

ಎರಡು ಬಗೆಯ ಸಂಯಮ

ಇಲ್ಲಿ ಬ್ರಹ್ಮಚರ್ಯದ ತರಬೇತಿಯೇ ಒಂದು ತಪ್ಪು ಗ್ರಹಿಕೆಗೆ ದಾರಿಯಾಗುವ ಸಂಭವವಿದೆ. ಜೀವನವಿಡೀ ಸಂಯಮಕ್ಕೆ ಸಿದ್ಧನಾಗುತ್ತಿರುವ ವಿದ್ಯಾರ್ಥಿಗೆ, ದಂಪತಿಗಳು ತಿಂಗಳಲ್ಲಿ ಕೆಲವು ದಿನ ತಾಳುವುದು ದೊಡ್ಡದೆಂದು ತೋರದು. ಆದರೆ ಅವನ ಸಂಯಮಕ್ಕೆ ಇನ್ನೊಬ್ಬರ ಸಮ್ಮತಿ ಬೇಕಾಗಿಲ್ಲ. ಧರ್ಮಾಧ್ಯಕ್ಷರ ಮುಂದೆ ಅವನೊಬ್ಬನೇ ಕೊಟ್ಟ ಮಾತು ಅದು. ದಂಪತಿಗಳ ಸಂಯಮವಾದರೋ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಇಬ್ಬರು ಪ್ರತಿ ತಿಂಗಳೂ ಹೊಸದಾಗಿ ಒಪ್ಪಿಕೊಳ್ಳಬೇಕಾದದ್ದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲಿ ಇದನ್ನೇ ಮುಟ್ಟುತ್ತಾರೆ: ಗಂಡನ ದೇಹದ ಮೇಲೆ ಹೆಂಡತಿಗೂ ಅಧಿಕಾರವಿದೆ, ಅಗಲಿರುವುದಾದರೆ ಇಬ್ಬರ ಸಮ್ಮತಿಯಿಂದ, ಸ್ವಲ್ಪ ಕಾಲ ಮಾತ್ರ, ಪ್ರಾರ್ಥನೆಗಾಗಿ. ಸಂಯಮಕ್ಕೆ ಅಪೊಸ್ತಲರು ಇಟ್ಟ ಮೊದಲ ಅಳತೆ ಪರಸ್ಪರ ಸಮ್ಮತಿ. ಗಂಡನ ಸಮ್ಮತಿ ದೊರೆಯದ ಮನೆಯಲ್ಲಿ ಹೆಂಡತಿಗೆ ಮಾತ್ರ ನಿಯಮವನ್ನು ಬೋಧಿಸಿದರೆ, ಅವಳ ಕೈಯಲ್ಲಿಲ್ಲದ ಕೆಲಸದ ಭಾರವನ್ನು ಅವಳ ಅಂತಃಸಾಕ್ಷಿಯ ಮೇಲೆ ಹೊರಿಸಿದಂತಾಗುತ್ತದೆ.

ನಮ್ಮ ರಾಜ್ಯದಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದವರು. ಪುರುಷರ ಶಸ್ತ್ರಚಿಕಿತ್ಸೆಯ ಪ್ರಮಾಣ ಶೇಕಡ ಒಂದನ್ನೂ ಮುಟ್ಟುವುದಿಲ್ಲ. ನಮ್ಮ ಧರ್ಮಕೇಂದ್ರಗಳ ತಾಯಂದಿರು ಈ ಸಮಾಜದ ಹೊರಗಿನವರಲ್ಲ. ಎರಡನೆಯ ಹೆರಿಗೆಯ ಬೆನ್ನಿಗೇ ‘ಆಪರೇಷನ್’ ಆದ ಎಷ್ಟೋ ಮಂದಿಗೆ ಆ ನಿರ್ಧಾರ ಗಂಡನದೋ ಅತ್ತೆಯದೋ ಆಗಿದ್ದಿರಬಹುದು. ಭಯ, ಒತ್ತಾಯ, ಅಜ್ಞಾನಗಳು ಕೃತ್ಯದ ಹೊಣೆಯನ್ನು ತಗ್ಗಿಸುತ್ತವೆ ಎಂಬುದು ಕಥೋಲಿಕ ಧರ್ಮೋಪದೇಶದ ಸ್ಪಷ್ಟ ಬೋಧನೆ. ದಂಪತಿಗಳಲ್ಲಿ ಒಬ್ಬರು ಒಪ್ಪದೆ ಇನ್ನೊಬ್ಬರು ಗರ್ಭನಿರೋಧವನ್ನು ಹೇರುವ ಸಂದರ್ಭವನ್ನು, ಪಾಪನಿವೇದನೆ ಕೇಳುವ ಗುರುಗಳಿಗಾಗಿ 1997ರಲ್ಲಿ ರೋಮಿನಿಂದ ಬಂದ ಕೈಪಿಡಿ ಪ್ರತ್ಯೇಕವಾಗಿಯೇ ಚರ್ಚಿಸಿದೆ. ಇಂಥ ತಾಯಿಗೆ ಯಾವ ವಿಧಾನ ಸಲ್ಲುತ್ತದೆಂಬ ಪಾಠದಿಂದ ಪ್ರಯೋಜನವಿಲ್ಲ. ನಡೆದದ್ದರಲ್ಲಿ ತನ್ನದು ಎಷ್ಟು, ತನ್ನದಲ್ಲದ್ದು ಎಷ್ಟು ಎಂದು ಅರಿತು ಸಮಾಧಾನದಿಂದ ಹೊರಡಲು ಅವಳಿಗೆ ನೆರವು ಬೇಕು. ಆ ವಿವೇಚನೆಯನ್ನು ಗುರುಮಠದಲ್ಲಿ ಅಭ್ಯಾಸ ಮಾಡದವನು ಪೀಠದಲ್ಲಿ ಕುಳಿತು ಕಲಿಯಹೊರಟರೆ, ಆ ಕಲಿಕೆಯ ಬೆಲೆಯನ್ನು ತೆರುವವಳು ಆ ತಾಯಿ.

ಮಾಡಬಹುದಾದದ್ದು

ನಮ್ಮ ಸಲಹೆಗಳು ದೊಡ್ಡವಲ್ಲ. ವಿಶ್ವಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿಸಬೇಕು. ಫಲವತ್ತತೆಯ ಅರಿವಿನ ಪಾಠವನ್ನು ತರಬೇತಿ ಪಡೆದ ವಿವಾಹಿತ ಮಹಿಳೆಯೊಬ್ಬರು, ಸಾಧ್ಯವಾದರೆ ಪತಿಯೊಡನೆ ಬಂದು, ಹೇಳಬೇಕು. ವಿಧಾನ ಕಷ್ಟವಾದ ತಿಂಗಳುಗಳ ಬಗ್ಗೆಯೂ ಅವರು ಮರೆಮಾಚದೆ ಮಾತನಾಡಲು ಅವಕಾಶವಿರಬೇಕು. ಪಾಪನಿವೇದನೆಯ ಅಭ್ಯಾಸ ಪಾಠಗಳಲ್ಲಿ ಮೇಲೆ ಹೇಳಿದಂಥ ತಾಯಿಯ ಪ್ರಸಂಗವೂ ಇರಬೇಕು. ಪಾಲನಾ ತರಬೇತಿಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಧರ್ಮಪ್ರಾಂತ್ಯದಲ್ಲಿ ಈ ವಿಧಾನವನ್ನು ಕಲಿಸಬಲ್ಲವರು ಯಾರೆಂದು ಹೋಗಿ ಕಂಡು ಬರಬೇಕು.

ಗುರುಗಳ ಸಮಯ ಇಂಥ ದೇಹವಿಷಯಗಳಿಗೆ ಸಲ್ಲದು, ಅವರೇನು ಆರೋಗ್ಯ ಕಾರ್ಯಕರ್ತರೇ ಎಂದು ಕೆಲವರು ಆಕ್ಷೇಪಿಸಬಹುದು. ನಾವು ಹೇಳುತ್ತಿರುವುದೂ ಅವರು ಹಾಗಾಗಬಾರದೆಂದೇ. ಬಿಲ್ಲಿಂಗ್ಸ್ ವಿಧಾನ ಹುಟ್ಟಿದ ಬಗೆಯನ್ನೇ ನೋಡೋಣ. 1953ರಲ್ಲಿ ಮೆಲ್ಬರ್ನಿನ ಗುರುಗಳಾದ ಮಾರಿಸ್ ಕ್ಯಾಟರಿನಿಚ್ ಅವರು, ತಮ್ಮ ಬಳಿ ಬರುತ್ತಿದ್ದ ದಂಪತಿಗಳ ಕಷ್ಟವನ್ನು ವೈದ್ಯ ಜಾನ್ ಬಿಲ್ಲಿಂಗ್ಸ್ ಅವರ ಮುಂದಿಟ್ಟು ನೆರವು ಕೇಳಿದರು. ವೈದ್ಯರು ಹುಡುಕಿದರು, ಮುಂದೆ ಅವರ ಪತ್ನಿ ಎವೆಲಿನ್ ಅವರೂ ಜತೆಗೂಡಿದರು, ಉತ್ತರ ಸಿಕ್ಕಿದ್ದು ಸ್ತ್ರೀಯರು ತಮ್ಮ ದೇಹದಲ್ಲಿ ಕಂಡುಕೊಂಡು ಹೇಳಿದ ಲಕ್ಷಣಗಳಲ್ಲಿ. ಅಲ್ಲಿ ಗುರುವು ದಂಪತಿಗಳ ಮಾತು ಕೇಳಿಸಿಕೊಂಡರು, ತಮಗೆ ತಿಳಿಯದ್ದನ್ನು ತಿಳಿಯಬಲ್ಲವರ ಬಳಿಗೆ ಒಯ್ದರು. ಅಷ್ಟನ್ನು ಮಾಡಬಲ್ಲ ಗುರುಗಳನ್ನು ನಮ್ಮ ಗುರುಮಠಗಳು ಸಿದ್ಧಪಡಿಸಿದರೆ, ವಿಶ್ವಪತ್ರದ ಬೋಧನೆಯನ್ನು ಅವರ ಬಾಯಿಂದ ಕೇಳುವಾಗ ನಮ್ಮ ದಂಪತಿಗಳು ಅದನ್ನು ತಮಗಾಗಿಯೇ ಹೇಳಿದ ಮಾತೆಂದು ತಿಳಿಯಲು ಸಾಧ್ಯವಾಗುತ್ತದೆ.