ಹೇಳಿ ಹೋಗುವುದು

ಪುಣೆಯ ಮರಾಠಿ ಮನೆಯಿಂದ ಹೊರಡುವಾಗ ಗಂಡಸರು ‘ಯೇತೋ’ ಅಂತಾರೆ, ಹೆಂಗಸರು ‘ಯೇತೇ’ ಅಂತಾರೆ. ‘ಬರ್ತೀನಿ’ ಎಂದರ್ಥ. ಧಾರವಾಡದ ಕಡೆಯವರು ‘ಬರ್ತೀನ್ರಿ’ ಅಂತೀವಿ. ‘ಹೋಗ್ತೀನಿ’ ಅನ್ನುವುದು ಎರಡೂ ಕಡೆ ಅಪಶಕುನ. ಹಾಗಾಗಿ ಇಲ್ಲಿಗೆ ಬಂದ ಕನ್ನಡಿಗರು ಈ ವಿಷಯದಲ್ಲಿ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಆದರೆ ಈಚೆಗೆ ನಮ್ಮ ಕೂಟಗಳಲ್ಲಿ ಆ ಮಾತೇ ಕೇಳಿಸುತ್ತಿಲ್ಲ. ಊಟವಾಯಿತು, ಚಪ್ಪಲಿ ಹುಡುಕಿದರು, ಹೋದರು. ರಾತ್ರಿ ಮೊಬೈಲಿಗೆ ಒಂದು ಕೈಮುಗಿದ ಚಿತ್ರ ಬರುತ್ತದೆ. ಬ್ಯಾಂಕಿನಲ್ಲಿ ಖಾತೆ ಮುಚ್ಚುವವರೂ ಒಂದು ಅರ್ಜಿ ಬರೆದುಕೊಟ್ಟು ಹೋಗ್ತಾರೆ, ಸ್ವಾಮಿ!

ಹೀಗೆ ಜಾರಿಕೊಳ್ಳುವುದನ್ನು ಇಂಗ್ಲಿಷರು ‘ಫ್ರೆಂಚ್ ಲೀವ್’ ಅಂತಾರೆ. ಫ್ರೆಂಚರು ಅದನ್ನೇ ‘ಇಂಗ್ಲಿಷರ ಹಾಗೆ ಜಾರುವುದು’ ಅಂತಾರೆ. ಇಬ್ಬರಿಗೂ ಅದು ಪಕ್ಕದವರ ಚಾಳಿ!

ಜಾರುವವರಿಗೂ ಒಂದು ವಾದವಿದೆ. ಒಬ್ಬರು ಎದ್ದರೆ ಎಲ್ಲರೂ ಏಳ್ತಾರೆ, ಕೂಟ ಕೆಡುತ್ತದೆ. ಕೊಥರೂಡಿನಿಂದ ಹಿಂಜವಡಿ ಮುಟ್ಟಬೇಕು, ಟ್ರಾಫಿಕ್ಕು. ಐನೂರು ಜನ ಸೇರಿದ ಕಲ್ಯಾಣ ಮಂಟಪದಲ್ಲಿ ಈ ವಾದ ಒಪ್ಪತಕ್ಕದ್ದೇ. ಆದರೆ ಹತ್ತು ಜನ ಕೂತ ಮನೆಯಲ್ಲಿ ಒಪ್ಪಲಾಗದು. ಹೊರಟ ಮುತ್ತೈದೆಗೆ ಕುಂಕುಮ ಕೊಡಬೇಕೆಂದು ಮನೆಯಾಕೆ ಬಟ್ಟಲು ಹಿಡಿದು ಬರುವಷ್ಟರಲ್ಲಿ ಲಿಫ್ಟು ಕೆಳಗಿಳಿದಿರುತ್ತದೆ.

ಇನ್ನೊಂದು ಮಾತು. ಊರು ಬಿಟ್ಟವರಿಗೆ ಪಕ್ಕದ ಓಣಿಯಲ್ಲಿ ಅಕ್ಕನೂ ಇಲ್ಲ, ಅಳಿಯನೂ ಇಲ್ಲ. ಮಕ್ಕಳು ಅಮೆರಿಕದಲ್ಲಿ. ಸೋಫಾದ ಮೇಲೆ ಕೂತಾಗ ಎಲ್ಲರೂ ‘ಆರಾಮ್ ಇದ್ದೀವ್ರಿ’ ಅನ್ನುವವರೇ. ಮೊಣಕಾಲಿನ ಆಪರೇಷನ್ನು, ಹದಿನೈದು ದಿನದಿಂದ ಬಾರದ ಮಗನ ಫೋನು — ಇವೆಲ್ಲ ಹೊರಬೀಳುವುದು ಹೊಸ್ತಿಲಲ್ಲಿ, ಚಪ್ಪಲಿ ಮೆಟ್ಟುವಾಗ. ಹೇಳದೆ ಹೋದವನು ಉಳಿಸಿದ್ದು ಹತ್ತು ನಿಮಿಷ. ಕಳೆದದ್ದು ಆ ಮಾತು.

ಇದೇ ಪುಣೆಯಲ್ಲಿ ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಶುರುಮಾಡಿದರು. ಅಲ್ಲಿ ನಡುವೆ ಎದ್ದು ಹೋಗುವವರು ಬೇಕಾದಷ್ಟು. ಆದರೆ ಕೊನೆಗೆ ಸವಾಯಿ ಗಂಧರ್ವರ ಹಳೆಯ ಭೈರವಿಯ ಧ್ವನಿಮುದ್ರಣ ಹಾಕುವುದು ಸಂಪ್ರದಾಯ. ಸಭೆಗೂ ಒಂದು ಬೀಳ್ಕೊಡುಗೆ ಬೇಕೆಂದು ಆ ಹಿರಿಯರಿಗೆ ತಿಳಿದಿತ್ತು.

ಎಲ್ಲರಿಗೂ ಹೇಳಬೇಕಿಲ್ಲ. ಕರೆದವರಿಗೆ ಹೇಳಿ, ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ಹೇಳಿ. ‘ಬರ್ತೀನ್ರಿ’ — ಅಷ್ಟೇ ಸಾಕು.