ಹಸಿಗೋಡೆ, ಒಣಗೋಡೆ

ಮಳೆಗಾಲ ಕಳೆದ ಮೇಲೆ ಉರ್ವದ ನಮ್ಮ ಮನೆಗೆ ಬಣ್ಣ ಹಚ್ಚಿಸಲು ಹೊರಟೆ. ಬಂದ ಕೆಲಸಗಾರ ಪಡುವಣ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ, “ಇದು ಒಣಗ್ಬೇಕು ಮಾರಾಯ್ರೆ. ಒಳಗೆ ಹಸಿ ಇದ್ರೆ ಬಣ್ಣ ಎದ್ದು ಬರ್ತದೆ” ಎಂದು ಹೇಳಿ ಹೊರಟುಹೋದ. ಐದು ನೂರು ವರ್ಷಗಳ ಹಿಂದೆ ಮಿಲಾನ್ ನಗರದ ಒಂದು ಮಠದ ಊಟದ ಮನೆಯಲ್ಲಿ ಬಣ್ಣ ಹೀಗೆಯೇ ಎದ್ದು ಬಂದಿತ್ತು. ಅದನ್ನು ಹಚ್ಚಿದವನು ಲಿಯೊನಾರ್ಡೊ ಡಾ ವಿಂಚಿ.

ಲಿಯೊನಾರ್ಡೊನ (1452–1519) ಹೆಸರು ಬಂದರೆ ನಮ್ಮ ಬರಹಗಾರರ ಲೇಖನಿಗೆ ಕಡಿವಾಣವಿರುವುದಿಲ್ಲ. ಚಿತ್ರಕಾರ, ಯಂತ್ರಶಿಲ್ಪಿ, ಅಂಗರಚನಾಶಾಸ್ತ್ರಜ್ಞ, ಸಂಗೀತಗಾರ ಎಂದು ಬಿರುದುಗಳ ಮಾಲೆ ತೊಡಿಸಿ, ಈ ಎಲ್ಲ ವಿದ್ಯೆಗಳೂ ಆತನಲ್ಲಿ ಸುಖವಾಗಿ ಕೂಡಿ ಬಾಳಿದವೆಂದು ಮಂಗಳ ಹಾಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಆತನೊಳಗಿನ ಸಂಶೋಧಕನೂ ಚಿತ್ರಕಾರನೂ ಒಂದೇ ಮನೆಯ ದಾಯಾದಿಗಳು. ಅವರ ವ್ಯಾಜ್ಯದ ಸಾಕ್ಷಿಯೇ ಆ ಗೋಡೆ.

ಇಟಲಿಯವರ ಹಳೆಯ ‘ಫ್ರೆಸ್ಕೊ’ ಪದ್ಧತಿಯಲ್ಲಿ ಒಂದು ದಿನಕ್ಕೆ ಬರೆಯಬಹುದಾದಷ್ಟೇ ಜಾಗಕ್ಕೆ ಸುಣ್ಣದ ಗಾರೆ ಮೆತ್ತುತ್ತಾರೆ. ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಸುಣ್ಣ ಒಣಗುತ್ತ ಗಾಳಿಯ ಇಂಗಾಲಾಮ್ಲವನ್ನು ಹೀರಿ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೇ ಸೆರೆಯಾಗುತ್ತದೆ. (ಚಿಪ್ಪು ಸುಟ್ಟ ಸುಣ್ಣದಿಂದ ಮನೆ ಕಟ್ಟಿದ ನಮ್ಮ ಕರಾವಳಿಯ ಹಿರಿಯರಿಗೆ ಸುಣ್ಣದ ಈ ಗುಣವನ್ನು ಯಾರೂ ಕಲಿಸಬೇಕಾಗಿರಲಿಲ್ಲ.) ಆದರೆ ಇಲ್ಲಿ ಕೈ ಚುರುಕಾಗಿರಬೇಕು, ಒಮ್ಮೆ ಬರೆದುದನ್ನು ಸುಲಭವಾಗಿ ತಿದ್ದುವಂತಿಲ್ಲ.

ಲಿಯೊನಾರ್ಡೊನಿಗೆ ಒಗ್ಗದ ಮಾತು ಇದೇ. ಆತ ಆ ಚಿತ್ರ ಬರೆಯುತ್ತಿದ್ದುದನ್ನು ಹುಡುಗನಾಗಿದ್ದಾಗ ಕಂಡ ಕಥೆಗಾರ ಬಂದೆಲ್ಲೊ ಅದನ್ನು ಬರೆದಿಟ್ಟಿದ್ದಾನೆ. ಕೆಲವು ದಿನ ಮುಂಜಾನೆಯಿಂದ ಕತ್ತಲಾಗುವವರೆಗೆ ಅನ್ನನೀರಿನ ನೆನಪಿಲ್ಲದೆ ಬರೆಯುವುದು. ಮತ್ತೆ ಮೂರು ನಾಲ್ಕು ದಿನ ಕುಂಚ ಮುಟ್ಟದೆ, ಗಂಟೆಗಟ್ಟಲೆ ಕೈಕಟ್ಟಿ ನೋಡುತ್ತ ನಿಲ್ಲುವುದು. ಹಸಿ ಸುಣ್ಣ ಇಷ್ಟು ಕಾಯುತ್ತದೆಯೆ? ಆದ್ದರಿಂದ ಆತ ತನ್ನದೇ ಉಪಾಯ ಹೂಡಿದ: ಒಣಗಿದ ಗೋಡೆಗೆ ಲೇಪ ಕೊಟ್ಟು, ಮೇಲೆ ಮೊಟ್ಟೆ ಎಣ್ಣೆಗಳಲ್ಲಿ ಕಲಸಿದ ಬಣ್ಣ. 1498ರ ಹೊತ್ತಿಗೆ ‘ಕೊನೆಯ ಭೋಜನ’ ಮುಗಿಯಿತು. 1517ರಲ್ಲೇ ಅದು ಕೆಡತೊಡಗಿತ್ತೆಂದು ನೋಡಿದವರು ಬರೆದರು. 1652ರಲ್ಲಿ ಬಾಗಿಲು ತೆರೆಯಲೆಂದು ಕ್ರಿಸ್ತನ ಪಾದಗಳನ್ನೇ ಕೊರೆದರು. 1943ರಲ್ಲಿ ಬಾಂಬು ಬಿತ್ತು. ಇವು ಪರರ ಅಪರಾಧ. ಮೊದಲ ಪೆಟ್ಟು ಮಾತ್ರ ಕರ್ತೃವಿನದೇ.

ಇದೆಲ್ಲ ನಾನು ಓದಿ ತಿಳಿದದ್ದು. ಮಿಲಾನನ್ನು ನಾನು ಕಂಡಿಲ್ಲ, ಕಂಡದ್ದು ಬಾವುಟಗುಡ್ಡೆಯನ್ನು. ಗೋಡೆ ಒಣಗಲೆಂದು ಬಿಟ್ಟ ವಾರದಲ್ಲಿ ಒಂದು ದಿನ ಲೇಡಿಹಿಲ್, ಲಾಲ್‌ಬಾಗ್ ದಾಟಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿಗೆ ಹೋಗಿ ಕುಳಿತೆ. ಅಲ್ಲಿನ ಗೋಡೆ ಮಾಡುಗಳನ್ನು ಚಿತ್ರಗಳಿಂದ ತುಂಬಿದವರು ಬ್ರದರ್ ಅಂತೋನಿಯೊ ಮೊಸ್ಕೇನಿ. ಮಿಲಾನಿಗೆ ಸಮೀಪದ ಬೆರ್ಗಮೊ ಸೀಮೆಯಲ್ಲಿ 1854ರಲ್ಲಿ ಹುಟ್ಟಿದವರು. ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ ಕಲಿತವರು. 1889ರಲ್ಲಿ ಯೇಸುಸಭೆ ಸೇರಿ, ಆ ಶತಮಾನ ಮುಗಿಯುವ ಹೊತ್ತಿಗೆ ಮಂಗಳೂರಿಗೆ ಬಂದವರು. ಈ ಕೆಲಸ ಮುಗಿಸಿದ ಕೆಲವೇ ವರ್ಷಗಳಲ್ಲಿ, 1905ರಲ್ಲಿ, ಕೊಚ್ಚಿಯಲ್ಲಿ ತೀರಿಕೊಂಡರು.

ಮೊಸ್ಕೇನಿ ಏನನ್ನೂ ಹೊಸದಾಗಿ ಕಂಡುಹಿಡಿಯಲಿಲ್ಲ. ಹಸಿಗಾರೆ ಸಾಧ್ಯವಾದಲ್ಲಿ ಹಸಿಗಾರೆ, ಉಳಿದೆಡೆ ಕ್ಯಾನ್ವಾಸಿನ ಮೇಲೆ ತೈಲವರ್ಣ: ಎರಡೂ ಗುರುಗಳು ಕೊಟ್ಟ ವಿದ್ಯೆ. ವರ್ಷಕ್ಕೆ 3,500 ಮಿಲ್ಲಿಮೀಟರು ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಊರಿನಲ್ಲಿ ಆ ವಿದ್ಯೆ ನೂರಿಪ್ಪತ್ತು ವರ್ಷ ಮೀರಿ ನಿಂತಿದೆ. ದುರಸ್ತಿಯೇ ಬೇಡವಾಯಿತೆಂದಲ್ಲ, 1990ರ ದಶಕದ ಮೊದಲಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ಅದನ್ನು ಸಂರಕ್ಷಿಸಿದರು. ಆದರೆ ಅವರ ಕೈಗೆ ಸಿಕ್ಕಿದ್ದು ಚಿತ್ರ. ಮಿಲಾನಿನಲ್ಲಿ ಇಪ್ಪತ್ತು ವರ್ಷ ದುಡಿದು 1999ರಲ್ಲಿ ಮುಗಿಸಿದವರ ಕೈಗೆ ಸಿಕ್ಕಿದ್ದು ಚಿತ್ರದ ಚೂರುಗಳು.

ಹಾಗೆಂದು ಮೊಸ್ಕೇನಿಯವರನ್ನು ಅಟ್ಟಕ್ಕೇರಿಸಲಾರೆ. ಮಾಡಿನ ಮೇಲೆ ಅಲೋಶಿಯಸ್ ಗೊನ್ಸಾಗನ ಕಥೆಯಿದೆ. ರೋಮಿನಲ್ಲಿ ಪ್ಲೇಗಿನ ರೋಗಿಗಳ ಸೇವೆಗೆ ನಿಂತು 1591ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ, ತಾನೂ ತೀರಿಕೊಂಡ ತರುಣ ಆತ. ಆ ಸೇವೆಯ ಚಿತ್ರದ ಕೆಳಗೆ ಎಷ್ಟು ಹೊತ್ತು ಕುಳಿತರೂ ನನಗೆ ಕಂಡದ್ದು ಭಕ್ತಿ, ಭಯ ಕಾಣಲಿಲ್ಲ. ಲಿಯೊನಾರ್ಡೊನ ಅಳಿದುಳಿದ ಗೋಡೆಯ ಛಾಯಾಚಿತ್ರದಲ್ಲಿಯೂ, ನಿಮ್ಮಲ್ಲೊಬ್ಬ ನನ್ನನ್ನು ಹಿಡಿದುಕೊಡುವನೆಂಬ ಮಾತು ಹನ್ನೆರಡು ಮಂದಿಯ ಕೈಗಳಲ್ಲಿ ಹನ್ನೆರಡು ಬಗೆಯಾಗಿ ನಡುಗುತ್ತದೆ. ಯೂದ ಹಣದ ಚೀಲವನ್ನು ಹಿಡಿದು ಹಿಂದೆ ಸರಿಯುತ್ತಾನೆ. 1489ರಲ್ಲೇ ತಲೆಬುರುಡೆ ಸೀಳಿ ಒಳಗನ್ನು ಬರೆದುಕೊಂಡಿದ್ದ ಕಣ್ಣು ಅದು. ಗೋಡೆಯನ್ನು ಕೆಡಿಸಿದ ಸಂಶೋಧಕನೇ ಮುಖಗಳಿಗೆ ಜೀವ ತುಂಬಿದವನು. ಒಬ್ಬನನ್ನು ಇಟ್ಟುಕೊಂಡು ಇನ್ನೊಬ್ಬನನ್ನು ಕಳುಹಿಸುವ ಉಪಾಯವಿಲ್ಲ.

ಕಲೆ ಬಲ್ಲ ಮಿತ್ರರೊಬ್ಬರು ಈ ಚಾಪೆಲಿನ ಚಿತ್ರಗಳನ್ನು ‘ಕ್ಯಾಲೆಂಡರಿನ ಚಿತ್ರ’ ಎಂದು ತಳ್ಳಿಹಾಕಿದಾಗ ಹಿಂದೊಮ್ಮೆ ನಾನೂ ತಲೆಯಾಡಿಸಿದ್ದೆ. ಈಗ ಆಡಿಸಲಾರೆ. ಎರಡು ಗೋಡೆಗಳಲ್ಲಿ ಯಾವುದು ದೊಡ್ಡದೆಂದು ಕೇಳಿದರೆ ಅಳಿಸಿಹೋದುದನ್ನೇ ತೋರಿಸುತ್ತೇನೆ. ಆದರೆ ಗೋಡೆಯ ಗುಣವರಿತು ದುಡಿದವರನ್ನು ನಕಲುಗಾರರೆನ್ನುವುದಕ್ಕೆ ನಾಲಿಗೆ ಏಳುವುದಿಲ್ಲ.

ಮಿಲಾನಿನ ಚಿತ್ರವನ್ನು ನೋಡಲು ಈಗ ಮುಂಗಡ ಚೀಟಿ ಬೇಕು. ಸಣ್ಣ ತಂಡಗಳಲ್ಲಿ ಒಳಗೆ ಬಿಟ್ಟು, ಹದಿನೈದು ನಿಮಿಷಕ್ಕೆ ಹೊರಗೆ ಕಳುಹಿಸುತ್ತಾರೆ. ಬಾವುಟಗುಡ್ಡೆಯಲ್ಲಿ ಅಂದು ಕತ್ತು ನೋಯುವವರೆಗೆ ಕುಳಿತಿದ್ದರೂ ನನ್ನನ್ನು ಯಾರೂ ಏಳಿಸಲಿಲ್ಲ.