‘ಸ್ಟಿಕ್ ಅಂಡ್ ರಡರ್’: ಅಡ್ಡಗಾಳಿಯ ಪಾಠ

ನಮ್ಮ ನಿಡಸೋಸಿಯ ಕಡೆಗೆ ಕಣದಲ್ಲಿ ರಾಶಿ ತೂರುವ ರೈತನು ಗಾಳಿಯ ದಿಕ್ಕನ್ನರಿತಲ್ಲದೆ ಮೊರವೆತ್ತನು. ಸಣ್ಣ ವಿಮಾನವನ್ನಿಳಿಸುವವನಿಗೂ ಇದೇ ಎಚ್ಚರ ಬೇಕು. ವುಲ್ಫ್‌ಗ್ಯಾಂಗ್ ಲಾಂಗೆವೀಷೆಯವರು 1944ರಲ್ಲಿ ಪ್ರಕಟಿಸಿದ ‘ಸ್ಟಿಕ್ ಅಂಡ್ ರಡರ್’ ಎಂಬ ಗ್ರಂಥದ ಗುಣವೆಂದರೆ, ಹಾರುವ ಕಲೆಯನ್ನು ಗಣಿತದ ಗೊಡವೆಯಿಲ್ಲದೆ ಕಣ್ಣು-ಕೈಗಳಿಗೆ ತಿಳಿಯುವಂತೆ ಹೇಳಿರುವದು.

ಬಾಲದ ಕೆಳಗೆ ಚಿಕ್ಕ ಗಾಲಿಯುಳ್ಳ ವಿಮಾನದಲ್ಲಿ ಭಾರದ ಮಧ್ಯವು ಮುಂದಿನ ಎರಡು ಗಾಲಿಗಳ ಹಿಂದಿರುವದು. ನೊಗ ಹಿಡಿದು ಎಳೆದ ಬಂಡಿಯು ನೆಟ್ಟಗೆ ಬರುವದು. ಹಿಂದಕ್ಕೆ ನೂಕಿದರೆ ಓರೆಯಾಗುವದು. ಅಂತೆಯೇ ಅಡ್ಡಗಾಳಿಯು ಬಾಲವನ್ನು ತುಸು ತಳ್ಳಿದರೂ ಹಿಂದಿನ ಭಾರವು ಆ ತಿರುವನ್ನು ಹೆಚ್ಚಿಸುವದು. ವಿಮಾನವು ಗಿರ್ರನೆ ಸುತ್ತಿ, ರೆಕ್ಕೆಯು ನೆಲಕ್ಕೆ ಬಡಿಯಬಹುದು. ನೆಲ ಮುಟ್ಟಿದೆವೆಂದು ಮೈಮರೆತಾಗಲೇ ಅಪಾಯ ಹೆಚ್ಚು: ವೇಗವಿಳಿದಂತೆ ಚುಕ್ಕಾಣಿಯ ಬಲ ಕುಂದುವದು, ಗಾಳಿಯ ಬಲ ಕುಂದದು. ಗಾಳಿ ಬರುವ ಕಡೆಯ ರೆಕ್ಕೆಯನ್ನು ತಗ್ಗಿಸಿ, ಕಾಲಿನ ಚುಕ್ಕಾಣಿಯಿಂದ ಮೂತಿಯನ್ನು ನೇರ ಹಿಡಿದು, ವಿಮಾನ ನಿಲ್ಲುವವರೆಗೂ ಲಕ್ಷ್ಯ ಬಿಡದಿರುವದೇ ಉಪಾಯ.

ಇಷ್ಟು ಬಲ್ಲ ಗ್ರಂಥಕಾರರು ಮುಂದಿನ ವಿಮಾನಗಳಿಗೆ ಕಾಲಿನ ಚುಕ್ಕಾಣಿಯೇ ಬೇಡವಾದೀತೆಂದು ನಂಬಿದ್ದು ಗ್ರಂಥದ ದೋಷವೆನ್ನಬೇಕು. 1951ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ, ಡಾ. ಘಾಟಗೆಯವರು ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನವು ಬಾಲಗಾಲಿಯದೇ ಆಗಿದ್ದಿತು. 1977ರಲ್ಲಿ ಹಾರಿದ ಎಚ್‌ಪಿಟಿ-32ಕ್ಕೆ ಮೂತಿಯ ಕೆಳಗೆ ಗಾಲಿ ಬಂದು ಸುತ್ತುವ ಭಯ ತಗ್ಗಿತು. ಕಾಲಿನ ಕೆಲಸ ಮಾತ್ರ ತಪ್ಪಲಿಲ್ಲ. ಕಲಿಯುವವನ ಪ್ರಾಣವನ್ನು ಯಂತ್ರದ ಭರವಸೆಗೆ ಒಪ್ಪಿಸಲಾಗದು. ಈ ಒಂದು ಮಾತನ್ನು ತಿದ್ದಿಕೊಂಡು ಓದಿದರೆ, ಗ್ರಂಥವು ಇಂದಿಗೂ ಉಪಾದೇಯವಾಗಿದೆ.